ಎದೆಯುರಿಯೂ ಯೋಧನ ಪಿಂಚಣಿಯೂ

ಕುಷ್ಟಗಿಯಿಂದಲೋ ಯಲಬುರ್ಗಾದಿಂದಲೋ ಹರೆಯದಲ್ಲೇ ಸೇನೆ ಸೇರಿ, ಗಡಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಉಂಡು, ನಿದ್ದೆಗೆಟ್ಟು ಕಾವಲಿದ್ದು, ಜಠರದ ಆಮ್ಲವು ಅನ್ನನಾಳಕ್ಕೆ ಉಕ್ಕಿಬರುವ ವ್ಯಾಧಿಯೊಡನೆ ಊರಿಗೆ ಮರಳಿದ ಯೋಧನಿಗೆ, ‘ಇದು ಸೇವೆಯಿಂದ ಹುಟ್ಟಿದುದಲ್ಲ, ಸೇವೆಯಿಂದ ಉಲ್ಬಣಿಸಿದುದೂ ಅಲ್ಲ’ ಎಂದು ವೈದ್ಯಕೀಯ ಮಂಡಳಿ ಬರೆದಮಾತ್ರಕ್ಕೆ ಅಂಗವೈಕಲ್ಯ ಪಿಂಚಣಿಯ ದಾರಿ ಮುಚ್ಚುವುದಿಲ್ಲ.

ಅಪಸ್ಮಾರಪೀಡಿತ ಯೋಧ ಧರ್ಮವೀರ ಸಿಂಗರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ, ಭರ್ತಿಯ ಕಾಲದ ದಾಖಲೆಯಲ್ಲಿಲ್ಲದ ರೋಗವು ಸೇವಾವಧಿಯಲ್ಲಿ ತಲೆದೋರಿ ಬಿಡುಗಡೆಗೆ ಕಾರಣವಾದರೆ ಅದನ್ನು ಸೇವಾಜನ್ಯವೆಂದೇ ಭಾವಿಸತಕ್ಕದ್ದೆಂದೂ, ಅಲ್ಲವೆಂದು ಸಾಧಿಸುವ ಹೊಣೆ ಸರ್ಕಾರದ್ದೆಂದೂ ನಿರ್ಣಯಿಸಿತು. ಕಾರಣ ಕಾಣಿಸದ ಮಂಡಳಿಯ ಅಭಿಪ್ರಾಯಕ್ಕೆ ಮನ್ನಣೆಯನ್ನೀಯಲಿಲ್ಲ. ಆ ತೀರ್ಪಿಗೆ ಆಧಾರ ಇಂಥ ಪಿಂಚಣಿಯ ಅರ್ಹತೆಯನ್ನು ಕುರಿತ 1982ರ ನಿಯಮಗಳು. 2008ರಲ್ಲಿಯೂ 2023ರಲ್ಲಿಯೂ ಹೊಸ ನಿಯಮಗಳು ಬಂದುದರಿಂದ, ಬಿಡುಗಡೆಯಾದ ವರ್ಷವನ್ನು ಮೊದಲು ನೋಡಬೇಕು.

ತೊಡಕಿರುವುದು ಪ್ರಮಾಣದಲ್ಲಿ. ವೈಕಲ್ಯವು ಸಾಮಾನ್ಯವಾಗಿ ಶೇಕಡಾ 20ಕ್ಕೆ ಕಡಿಮೆಯಿರಕೂಡದು. ಬರಿಯ ಎದೆಯುರಿ ಆ ಮಟ್ಟವನ್ನು ಮುಟ್ಟುವುದು, ಸತ್ಯವಾಗಿ ಹೇಳುವುದಾದರೆ, ಸುಲಭವಲ್ಲ. ಆದುದರಿಂದ ಸೇನಾ ಆಸ್ಪತ್ರೆಯ ಚೀಟಿಗಳನ್ನೂ ಎಂಡೋಸ್ಕೋಪಿ ವರದಿಯನ್ನೂ ಜೋಪಾನವಾಗಿಟ್ಟು, ಮೊದಲನೆಯ ಮೇಲ್ಮನವಿಯನ್ನು, ಅದು ತಿರಸ್ಕೃತವಾದರೆ ಎರಡನೆಯದನ್ನು ಸಲ್ಲಿಸಿ, ಅಲ್ಲಿಯೂ ಫಲ ಕಾಣದಿದ್ದರೆ, ಗಂಗಾವತಿಯವರಾಗಲಿ ಕೊಪ್ಪಳದವರಾಗಲಿ, 2007ರ ಕಾಯಿದೆಯಿಂದ ರೂಪುಗೊಂಡ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠದ ಮುಂದೆ ಅರ್ಜಿ ಹಾಕಬಹುದು.