ಮಕ್ಕಳ ಕೈಗೆ ಗಾಡಿ ಕೀ ಕೊಡುವ ಮೊದಲು

ಹಾಲು ಉತ್ಪಾದಕ ಅಕ್ಕ-ತಂಗಿಯರೇ, ಈ ಸಂಚಿಕೆಯಲ್ಲಿ ಕೆಚ್ಚಲು ಬಾವು, ಜಂತುಹುಳು ಎರಡನ್ನೂ ಬದಿಗಿಟ್ಟು ಗಾಡಿಯ ವಿಷಯ ಬರೆಯುತ್ತಿದ್ದೇನೆ. ದನದ ಡಾಕ್ಟರಿಗೂ ಸ್ಕೂಟರಿಗೂ ಏನು ಸಂಬಂಧ ಎನ್ನಬೇಡಿ. ಬೆಳಿಗ್ಗೆ ಹಾಲು ಅಳೆಯುವ ಹೊತ್ತಿನಲ್ಲಿ ಡೇರಿ ಮುಂದೆ ನಿಂತು ನೋಡಿ. ಕ್ಯಾನು ನೇತುಹಾಕಿಕೊಂಡು ಬರುವ ಎಕ್ಸೆಲ್, ಸ್ಕೂಟರ್‌ಗಳಲ್ಲಿ ಕೆಲವನ್ನು ಓಡಿಸುವವರಿಗೆ ಇನ್ನೂ ಮೀಸೆ ಚಿಗುರಿರುವುದಿಲ್ಲ. ಗಾಡಿ ಮಾತ್ರ ಅಮ್ಮನ ಹೆಸರಿನಲ್ಲಿರುತ್ತದೆ. ಈ ಕೊನೆಯ ಮಾತೇ ಮುಖ್ಯ, ಮುಂದೆ ಹೇಳುತ್ತೇನೆ.

ನಾನು ವಾಸವಿರುವುದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ. ಮೂಟೆ ಇಳಿಸುವ ಟೆಂಪೊ, ತಳ್ಳುಗಾಡಿ, ಶಾಲೆಗೆ ಹೋಗುವ ಮಕ್ಕಳು, ಇವುಗಳ ನಡುವೆ ಮೆಲುಕು ಹಾಕುತ್ತಾ ನಿಂತ ಹಸು, ಎಲ್ಲಕ್ಕೂ ಇರುವುದು ಅದೇ ಇಕ್ಕಟ್ಟು ರಸ್ತೆ. ನಮ್ಮ ಹಿಂದಿನ ಬೀದಿಯಲ್ಲಿ ಮೂರು ಹಸು ಸಾಕಿ ಮನೆಮನೆಗೆ ಹಾಲು ಹಾಕುವ ಒಬ್ಬ ಅಕ್ಕ ಇದ್ದಾರೆ. ಮಗನಿಗೆ 17 ವರ್ಷ. ಕರು ನೋಡಲು ಹೋದ ದಿನ ಅವರು ಕೇಳಿದರು: "ಡಾಕ್ಟ್ರೇ, ಹುಡುಗ ನನ್ಗಿಂತ ಉದ್ದ ಬೆಳ್ದವ್ನೆ. ಸ್ಕೂಟರ್ ಕೊಟ್ರೆ ನಂಗೂ ಅರ್ಧ ಕೆಲ್ಸ ಕಮ್ಮಿ ಆಯ್ತದೆ. ಕೊಡ್ಲಾ?"

ನಾನು ಅವರ ಕಡಸನ್ನೇ ತೋರಿಸಿದೆ. ಕಡಸು ವರ್ಷ ತುಂಬುವುದರೊಳಗೇ ಬೆದೆಗೆ ಬರಬಹುದು. ಹಾಗೆಂದು ಆಗಲೇ ಗರ್ಭ ಕಟ್ಟಿಸುತ್ತೇವೆಯೇ? ಮಿಶ್ರತಳಿಯದಾದರೆ ಸುಮಾರು 250 ಕೆ.ಜಿ. ತೂಕ ಬರಲಿ ಎಂದು ಕಾಯುತ್ತೇವೆ. ಹುಡುಗರದೂ ಹೀಗೆಯೇ. ಕಾಲು ನೆಲಕ್ಕೆ ಎಟುಕುತ್ತದೆ, ಕೈ ಚುರುಕಾಗಿರುತ್ತದೆ. ಆದರೆ ಆತುರವನ್ನು ತಡೆಹಿಡಿಯುವ ಮಿದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ಗೆಳೆಯನೊಬ್ಬ ಹಿಂದೆ ಕೂತು "ಇನ್ನೂ ಜೋರಾಗಿ ಹೋಗೋ" ಎಂದರೆ ಸಾಕು, ಮನೆಯಲ್ಲಿ ಹೇಳಿದ್ದೆಲ್ಲ ಮರೆತುಹೋಗುತ್ತದೆ.

ಈಗ ಕಾನೂನಿಗೆ ಬರೋಣ. "ಗೇರ್ ಇಲ್ಲದ ಗಾಡಿಗೆ 16 ವರ್ಷ ಸಾಕು" ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ. ಇದು ಅರ್ಧ ಸತ್ಯ. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ 16 ತುಂಬಿದವರು ಓಡಿಸಬಹುದಾದದ್ದು 50 ಸಿಸಿ ಮೀರದ ಎಂಜಿನ್ನಿನ ಗಾಡಿ, ಅದೂ ಲೈಸೆನ್ಸ್ ಪಡೆದ ಮೇಲೆ. ನಾವು ಹಾಲಿಗೆ, ಹುಲ್ಲಿಗೆ ಬಳಸುವ ಎಕ್ಸೆಲ್ 100 ಗಾಡಿಯೇ 100 ಸಿಸಿ ಹತ್ತಿರ ಇದೆ. ಸ್ಕೂಟರ್‌ಗಳು ಅದಕ್ಕಿಂತ ಹೆಚ್ಚು. ಅವಕ್ಕೆಲ್ಲ 18 ತುಂಬಲೇಬೇಕು. ಬ್ಯಾಟರಿ ಗಾಡಿಗಳಲ್ಲಿ ಗಂಟೆಗೆ 25 ಕಿ.ಮೀ. ಒಳಗೆ ಓಡುವ, 250 ವ್ಯಾಟ್ ಮೀರದ ಚಿಕ್ಕವಕ್ಕೆ ಮಾತ್ರ ಲೈಸೆನ್ಸ್ ಬೇಡ. ಕೊಳ್ಳುವಾಗ ಅಂಗಡಿಯವರ ಬಾಯಿಮಾತು ನಂಬದೆ ಕಾಗದದಲ್ಲಿ ಬರೆದಿರುವುದನ್ನು ಓದಿಸಿಕೊಳ್ಳಿ.

2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ 199ಎ ಕಲಂ ಇನ್ನೂ ಖಡಕ್ಕಾಗಿದೆ. ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗುವಿಗೆ 25 ವರ್ಷ ಆಗುವವರೆಗೆ ಎಲ್‌ಎಲ್ ಕೂಡ ಸಿಗುವುದಿಲ್ಲ. ತನಗೆ ತಿಳಿಯದೆ ನಡೆಯಿತು, ತಡೆಯಲು ತಕ್ಕಷ್ಟು ಎಚ್ಚರ ವಹಿಸಿದ್ದೆ ಎಂದು ಸಾಬೀತು ಮಾಡಿದರೆ ಪಾರಾಗಬಹುದು. ದಿನಾ ಬೆಳಿಗ್ಗೆ ಅದೇ ಗಾಡಿಯಲ್ಲಿ ಮಗ ಹಾಲು ತರುತ್ತಿದ್ದರೆ "ನನಗೆ ಗೊತ್ತಿರಲಿಲ್ಲ" ಎಂದು ಯಾವ ತಾಯಿ ಹೇಳಲಾದೀತು? ಆರ್‌ಸಿ ಪುಸ್ತಕದಲ್ಲಿ ಯಾರ ಹೆಸರಿದೆ ಎಂದು ಇವತ್ತೇ ನೋಡಿಕೊಳ್ಳಿ.

ವಿಮೆಯದೂ ಇದೇ ಕಥೆ. ಕಿವಿ ಓಲೆ ಇಲ್ಲದ ಹಸುವಿಗೆ ಕ್ಲೇಮ್ ಸಿಗುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತು. ಲೈಸೆನ್ಸ್ ಇಲ್ಲದವರು ಓಡಿಸಿ ಇನ್ನೊಬ್ಬರಿಗೆ ಪೆಟ್ಟಾದರೆ, ವಿಮಾ ಕಂಪನಿ ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಬಹುದು. ಆ ಮೊತ್ತಕ್ಕೆ ಕೊಟ್ಟಿಗೆ ಪೂರ್ತಿ ಮಾರಿದರೂ ಸಾಲದೆ ಹೋಗಬಹುದು.

ಹಾಗಾದರೆ 18ರವರೆಗೆ ಸುಮ್ಮನಿರಬೇಕೇ? ಬೇಡ. ಹೋರಿ ಪಳಗಿಸುವುದನ್ನು ನೆನಪಿಸಿಕೊಳ್ಳಿ. ಗೊಬ್ಬರ ತುಂಬಿದ ಗಾಡಿಗೆ ಹೊಸ ಹೋರಿಯನ್ನು ಯಾರೂ ಮೊದಲ ದಿನವೇ ಕಟ್ಟುವುದಿಲ್ಲ. ಮೊದಲು ಬರೀ ನೊಗ, ಪಕ್ಕದಲ್ಲೊಂದು ಪಳಗಿದ ಎತ್ತು, ಆಮೇಲೆ ಖಾಲಿ ಗಾಡಿ, ಕೊನೆಗೆ ಹೊರೆ. ನಮ್ಮ ಹಿಂದಿನ ಬೀದಿಯ ಅಕ್ಕ ಈಗ ಮಾಡುತ್ತಿರುವುದೂ ಇದನ್ನೇ. ಹುಡುಗ ಸೈಕಲ್ಲಿನಲ್ಲಿ ಹಾಲು ಹಾಕುತ್ತಾನೆ. ತಿರುಗುವ ಮೊದಲು ಕೈ ತೋರಿಸುವುದು, ಹಿಂದೆ ನೋಡುವುದು, ಕೂಡುರಸ್ತೆಯಲ್ಲಿ ನಿಲ್ಲುವುದು, ಇದೆಲ್ಲ ಸೈಕಲ್ಲಿನಲ್ಲೇ ರೂಢಿಯಾಗುತ್ತದೆ. ಸೋದರಮಾವನ ಗಾಡಿಯ ಹಿಂದೆ ಕೂತಾಗ ಅವನೂ ಹೆಲ್ಮೆಟ್ ಹಾಕುತ್ತಾನೆ. ನಾಲ್ಕು ವರ್ಷ ಮೇಲ್ಪಟ್ಟ ಎಲ್ಲರಿಗೂ, ಹಿಂದೆ ಕೂತವರಿಗೂ, ಹೆಲ್ಮೆಟ್ ಕಡ್ಡಾಯ. ಐಎಸ್‌ಐ ಗುರುತು ಇರಲಿ, ಗದ್ದದ ಪಟ್ಟಿ ಬಿಗಿದಿರಲಿ.

ವೇಗ ಎಂದರೇನು ಎಂದು ಅವನಿಗೆ ಬೀದಿಯಲ್ಲೇ ಅಳೆದು ತೋರಿಸಿದೆವು. ಗಂಟೆಗೆ 40 ಕಿ.ಮೀ. ಓಡುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಅಡ್ಡ ಬಂದ ಮಗುವನ್ನು ಕಣ್ಣು ಕಂಡು, ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಅಷ್ಟು ದೂರ ಮುಗಿದಿರುತ್ತದೆ. ಗಾಡಿ ನಿಲ್ಲುವುದು ಅದರಾಚೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ನಾಲ್ಕು ಪಟ್ಟು ದೂರ ಬೇಕು. ಹುಡುಗ 11 ಮೀಟರ್ ಹೆಜ್ಜೆ ಹಾಕಿ ನೋಡಿ ಸುಮ್ಮನಾದ.

ಲೈಸೆನ್ಸ್ ಬಂದ ಮೇಲೂ ಕ್ಯಾನಿನ ಗಾಡಿ ತಕ್ಷಣ ಬೇಡ. ಇಪ್ಪತ್ತು ಲೀಟರ್ ಹಾಲೆಂದರೆ ಇಪ್ಪತ್ತು ಕೆ.ಜಿ.ಗೂ ಮೇಲೆ. ಅರ್ಧ ತುಂಬಿದ ಕ್ಯಾನು ಇನ್ನೂ ಮೋಸ. ತಿರುವಿನಲ್ಲಿ ಹಾಲು ಒಳಗೇ ತುಳುಕಿ ಗಾಡಿಯನ್ನು ಒಂದು ಕಡೆಗೆ ಎಳೆಯುತ್ತದೆ. ಎರಡೂ ಕಡೆ ಸಮ ತೂಕ ಕಟ್ಟುವುದನ್ನು ನೀರು ತುಂಬಿ ಮೈದಾನದಲ್ಲಿ ಅಭ್ಯಾಸ ಮಾಡಿಸಿ. ಹಸಿಹುಲ್ಲಿನ ಹೊರೆ ಹಿಂದಿನ ದೀಪ, ಇಂಡಿಕೇಟರ್ ಮುಚ್ಚದಂತೆ ಕಟ್ಟಲಿ.

ನನ್ನ ಕಸುಬಿನ ಮಾತನ್ನೂ ಹೇಳಿಬಿಡುತ್ತೇನೆ. ಹಸುವಿನ ಕಣ್ಣು ತಲೆಯ ಎರಡು ಬದಿಗಿರುವುದರಿಂದ ಸುತ್ತಲೂ ಬಹುಪಾಲು ಕಾಣುತ್ತದೆ, ನೇರ ಹಿಂದೆ ಮಾತ್ರ ಕಾಣುವುದಿಲ್ಲ. ಎದುರಿನ ವಸ್ತು ಎಷ್ಟು ದೂರವಿದೆ ಎಂದು ಬೇಗ ಅಂದಾಜು ಸಿಗುವುದಿಲ್ಲ. ಹಾಗಾಗಿ ಹಿಂದಿನಿಂದ ಹಾರ್ನ್ ಹೊಡೆದರೆ ಅದು ಬೆದರಿ ಯಾವ ಕಡೆಗಾದರೂ ಜಿಗಿಯಬಹುದು. ನಿಧಾನ ಮಾಡಿ, ದೂರ ಬಿಟ್ಟು ಹೋಗಬೇಕು. ಹಸು ರಸ್ತೆ ದಾಟಿತೆಂದು ಗಾಡಿ ಎಳೆಯಬಾರದು, ಹಿಂದೆ ಕರು ಇರುತ್ತದೆ. ಕಪ್ಪು ಎಚ್‌ಎಫ್ ಹಸು, ಎಮ್ಮೆ ಮುಸ್ಸಂಜೆಯಲ್ಲಿ ಕಾಣುವುದೇ ಇಲ್ಲ. ಇದರಲ್ಲಿ ನಮ್ಮ ಪಾಲೂ ಇದೆ. ಕೊರಳ ಹಗ್ಗಕ್ಕೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಸುತ್ತಿ. ರಸ್ತೆಗೆ ಬಿಡದೆ ಕಟ್ಟುವುದು ಇನ್ನೂ ಒಳ್ಳೆಯದು.

18 ತುಂಬಿದ ಮೇಲೆ ಎಲ್‌ಎಲ್‌ಗೆ ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ರಸ್ತೆ ಚಿಹ್ನೆ, ನಿಯಮಗಳ ಮೇಲೆ ಪರೀಕ್ಷೆ ಇರುತ್ತದೆ. ಎಲ್‌ಎಲ್ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ. 30 ದಿನ ಕಳೆದ ಮೇಲೆ ಡ್ರೈವಿಂಗ್ ಪರೀಕ್ಷೆಗೆ ಹೋಗಬಹುದು. ಮೈಸೂರಿನಲ್ಲಿ ಪಶ್ಚಿಮ ಮತ್ತು ಪೂರ್ವ ಎಂದು ಎರಡು ಆರ್‌ಟಿಒ ಕಚೇರಿಗಳಿವೆ. ಕಲಿಯುವ ಅವಧಿಯಲ್ಲಿ ಗಾಡಿಗೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಅಕ್ಷರ ಬೇಕು. ಹಿಂದೆ ಕೂರುವವರು ಲೈಸೆನ್ಸ್ ಇರುವ, ಕಲಿಸುವವರೇ ಆಗಿರಬೇಕು. ಎಲ್‌ಎಲ್ ಬಂತೆಂದು ಮಗನ ಹಿಂದೆ ಕೂತು ಸಂತೆಗೆ ಹೊರಡಬೇಡಿ.

ಹೀಗೆಂದಾಗ ಆ ಅಕ್ಕ ನಕ್ಕರು. "ಹಂಗಾದ್ರೆ ಮೊದ್ಲು ನಾನೇ ಲೈಸೆನ್ಸ್ ಮಾಡಿಸ್ಕತೀನಿ, ಆಮೇಲೆ ಹಿಂದೆ ಕೂತು ಅವ್ನಿಗೆ ಕಲಿಸ್ತೀನಿ" ಎಂದರು. ಅವರ ಎಲ್‌ಎಲ್ ಅರ್ಜಿ ಕಳೆದ ವಾರ ಹೋಗಿದೆ. ರಸ್ತೆ ಚಿಹ್ನೆಗಳನ್ನು ಮಗನೇ ಓದಿಸುತ್ತಿದ್ದಾನೆ.