ಎಂಜಿನ್ ತೈಲದಲ್ಲಿನ ಸೇರ್ಪಡೆ ರಾಸಾಯನಿಕಗಳು: ವಾಹನ ಮಾಲೀಕರ ಗಮನಕ್ಕೆ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 115ರ ಮೇರೆಗೆ, ಪೆಟ್ರೋಲ್, ಡೀಸೆಲ್ ಮುಂತಾದ ಇಂಧನ ಬಳಸುವ ವಾಹನಗಳು ಪ್ರಥಮ ನೋಂದಣಿಯಾಗಿ ಒಂದು ವರ್ಷ ಕಳೆದ ನಂತರ ಮಾಲಿನ್ಯ ತಪಾಸಣಾ ಪ್ರಮಾಣಪತ್ರವನ್ನು ಹೊಂದಿರತಕ್ಕದ್ದು. ಎಂಜಿನ್ ಸವೆದು ತೈಲವೇ ಉರಿಯತೊಡಗಿದಲ್ಲಿ ನೀಲಿ ಹೊಗೆ ಕಾಣಿಸಿಕೊಳ್ಳುತ್ತದೆ. ಅಂತಹ ವಾಹನವು ತಪಾಸಣೆಯಲ್ಲಿ ವಿಫಲವಾಗುವ ಸಂಭವವಿದ್ದು, ದುರಸ್ತಿಯ ವೆಚ್ಚವೂ ಅಧಿಕವಾಗುತ್ತದೆ. ಈ ಸವೆತವನ್ನು ತಡೆಯುವಲ್ಲಿ ತೈಲದಲ್ಲಿರುವ ಸೇರ್ಪಡೆ ರಾಸಾಯನಿಕಗಳ ಪಾತ್ರವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಸವೆತ ಉಂಟಾಗುವ ಬಗೆ

ಎಂಜಿನ್ ವೇಗವಾಗಿ ತಿರುಗುತ್ತಿರುವಾಗ ಬೇರಿಂಗ್‌ಗಳಲ್ಲಿ ತೈಲದ ಪದರವು ಲೋಹದ ಭಾಗಗಳನ್ನು ಪರಸ್ಪರ ತಾಗದಂತೆ ಬೇರ್ಪಡಿಸಿರುತ್ತದೆ. ಆದರೆ ಎಂಜಿನ್ ಚಾಲನೆಗೊಳ್ಳುವ ಕ್ಷಣದಲ್ಲಿ ಹಾಗೂ ಕ್ಯಾಮ್‌ನಂತಹ ಅಧಿಕ ಒತ್ತಡದ ಭಾಗಗಳಲ್ಲಿ ಈ ಪದರವು ತೆಳುವಾಗಿ ಲೋಹಗಳು ಒಂದಕ್ಕೊಂದು ಉಜ್ಜುತ್ತವೆ. ಇಂತಹ ಕಡೆಗಳಲ್ಲಿ ಮೂಲ ತೈಲವೊಂದೇ ಸಾಲದು.

ಸೇರ್ಪಡೆ ರಾಸಾಯನಿಕಗಳ ಕಾರ್ಯ

1. ಸವೆತ ನಿರೋಧಕಗಳು: 1940ರ ದಶಕದಿಂದ ಬಳಕೆಯಲ್ಲಿರುವ, ಸತು, ರಂಜಕ ಹಾಗೂ ಗಂಧಕಗಳನ್ನು ಒಳಗೊಂಡ ಜಡ್‌ಡಿಡಿಪಿ ಎಂಬ ಸಂಯುಕ್ತವು ಪ್ರಮುಖವಾದುದು. ಶಾಖ ಮತ್ತು ಉಜ್ಜುವಿಕೆಯಿಂದ ಇದು ವಿಭಜನೆಗೊಂಡು, ಉಕ್ಕಿನ ಮೇಲೆ ಗಾಜಿನಂತಹ ಫಾಸ್ಫೇಟ್ ಪದರವನ್ನು ರೂಪಿಸುತ್ತದೆ. ಪದರದ ದಪ್ಪ ಸುಮಾರು 0.0001 ಮಿಲಿಮೀಟರ್ ಮಾತ್ರ. ಲೋಹಕ್ಕೆ ಬದಲಾಗಿ ಈ ಪದರವೇ ಸವೆಯುತ್ತದೆ ಮತ್ತು ತೈಲದಿಂದ ಮತ್ತೆ ರೂಪುಗೊಳ್ಳುತ್ತದೆ.

2. ಘರ್ಷಣೆ ತಗ್ಗಿಸುವ ರಾಸಾಯನಿಕಗಳು: ಕೆಲವು ಮಾಲಿಬ್ಡಿನಮ್ ಸಂಯುಕ್ತಗಳು ಉಜ್ಜುವ ಜಾಗದಲ್ಲಿ ಇಸ್ಪೀಟು ಎಲೆಗಳಂತೆ ಒಂದರ ಮೇಲೊಂದು ಜಾರುವ ಪದರಗಳನ್ನು ನಿರ್ಮಿಸುತ್ತವೆ. ಇದರಿಂದ ಇಂಧನದ ಉಳಿತಾಯವಾಗುತ್ತದೆ.

3. ಶುಚಿಕಾರಕಗಳು: ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಸಂಯುಕ್ತಗಳು ದಹನದಿಂದ ಉಂಟಾಗುವ ಆಮ್ಲವನ್ನು ತಟಸ್ಥಗೊಳಿಸುತ್ತವೆ. ಇತರ ಕೆಲವು ರಾಸಾಯನಿಕಗಳು ಮಸಿಯ ಕಣಗಳು ಒಟ್ಟುಗೂಡದಂತೆ ತೈಲದಲ್ಲಿಯೇ ಚದುರಿಸಿಡುತ್ತವೆ. ಆದುದರಿಂದ ತೈಲವು ಕಪ್ಪಾದ ಮಾತ್ರಕ್ಕೆ ಕೆಟ್ಟಿದೆ ಎಂದು ಭಾವಿಸಬೇಕಾಗಿಲ್ಲ.

ಮೇಲ್ಕಂಡ ರಾಸಾಯನಿಕಗಳು ಬಳಕೆಯಲ್ಲಿ ಕ್ರಮೇಣ ವ್ಯಯವಾಗುತ್ತವೆ. ತೈಲದ ಮಟ್ಟ ಸರಿಯಿದ್ದರೂ ಅದರ ರಕ್ಷಣಾ ಶಕ್ತಿ ಕುಂದಿರಬಹುದು.

ಹೆಚ್ಚು ಸೇರಿಸುವುದು ಹಿತವಲ್ಲ

ಉರಿದ ತೈಲದಲ್ಲಿನ ರಂಜಕವು ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ನಿಷ್ಕ್ರಿಯಗೊಳಿಸುತ್ತದೆ. ಈ ಕಾರಣದಿಂದ 2004ರ ಎಪಿಐ ಎಸ್‌ಎಂ ದರ್ಜೆಯಲ್ಲಿ, ಪೆಟ್ರೋಲ್ ಎಂಜಿನ್‌ಗಳ ತೆಳು ತೈಲಗಳಿಗೆ ರಂಜಕದ ಪ್ರಮಾಣವನ್ನು ಶೇ. 0.06ರಿಂದ 0.08ಕ್ಕೆ ಮಿತಿಗೊಳಿಸಲಾಯಿತು. ತೈಲಕ್ಕೆ ಪ್ರತ್ಯೇಕವಾಗಿ ರಾಸಾಯನಿಕ ಬೆರೆಸಿದಲ್ಲಿ ಇಂತಹ ಸಮತೋಲನವು ಕೆಡಬಹುದು.

ಗೇರ್ ಉಳ್ಳ ಬಹುತೇಕ ಮೋಟಾರ್ ಸೈಕಲ್‌ಗಳಲ್ಲಿ ಕ್ಲಚ್ ಸಹ ಎಂಜಿನ್ ತೈಲದಲ್ಲಿಯೇ ಮುಳುಗಿರುತ್ತದೆ. ಘರ್ಷಣೆಯನ್ನು ಅತಿಯಾಗಿ ತಗ್ಗಿಸುವ ಕಾರಿನ ತೈಲವನ್ನು ಇವುಗಳಿಗೆ ಹಾಕಿದಲ್ಲಿ ಕ್ಲಚ್ ಜಾರುವ ಸಂಭವವಿದೆ. ಇಂತಹ ವಾಹನಗಳಿಗೆ ಜಾಸೋ ಎಂಎ ದರ್ಜೆಯ ತೈಲವಿದ್ದು, ಎಂಬಿ ದರ್ಜೆಯು ತೈಲದಲ್ಲಿ ಮುಳುಗಿರದ ಕ್ಲಚ್ ಉಳ್ಳ ಸ್ಕೂಟರ್‌ಗಳಿಗೆ ಸೂಕ್ತವಾದುದು.

ಮಾಲೀಕರು ಪಾಲಿಸಬೇಕಾದ ಅಂಶಗಳು

1. ವಾಹನದ ಕೈಪಿಡಿಯಲ್ಲಿ ಸೂಚಿಸಿರುವ ದರ್ಜೆಯ ತೈಲವನ್ನೇ ಬಳಸತಕ್ಕದ್ದು.
2. ನಿಗದಿತ ಕಿಲೋಮೀಟರ್ ಅಥವಾ ಅವಧಿ, ಇವುಗಳಲ್ಲಿ ಯಾವುದು ಮೊದಲೋ ಆಗ ತೈಲ ಬದಲಾಯಿಸತಕ್ಕದ್ದು.
3. ತೈಲವು ಪದೇ ಪದೇ ಕಡಿಮೆಯಾಗುತ್ತಿದ್ದಲ್ಲಿ ಎಂಜಿನ್ ಪರೀಕ್ಷಿಸಿ, ದುರಸ್ತಿಪಡಿಸಿದ ನಂತರ ತಪಾಸಣೆಗೆ ಹಾಜರುಪಡಿಸುವುದು ಸೂಕ್ತ.
4. ಬಳಸಿದ ತೈಲವು ಅಪಾಯಕಾರಿ ತ್ಯಾಜ್ಯವಾಗಿದ್ದು, ಅದನ್ನು ಚರಂಡಿಗೆ ಅಥವಾ ಮಣ್ಣಿಗೆ ಸುರಿಯಬಾರದು.

ವಾಹನ ಮಾಲೀಕರು ಈ ಅಂಶಗಳನ್ನು ಪಾಲಿಸಿ ಸಹಕರಿಸಬೇಕೆಂದು ಕೋರಲಾಗಿದೆ.