ಬಕೆಟ್ಟಿನಲ್ಲಿ ಕೊಳೆತ ಸೊಪ್ಪು, ಸೂಟ್‌ಕೇಸಿನಲ್ಲಿ ಒಣಗಿದ ಸೊಪ್ಪು

ನಮ್ಮ ಅಲಾಟ್‌ಮೆಂಟ್‌ನಲ್ಲಿ ನನ್ನ ಬಕೆಟ್ ಎಲ್ಲಿದೆ ಅಂತ ಯಾರೂ ಕೇಳೋದಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡಿದರೆ ಸಾಕು, ಮೂಗೇ ದಾರಿ ತೋರಿಸುತ್ತೆ. ಅದರೊಳಗೆ ಇರೋದು ಕೊಳೆತ ಕಾಮ್‌ಫ್ರಿ ಸೊಪ್ಪು.

ಅಲಾಟ್‌ಮೆಂಟ್ ಅಂದರೆ ಇಂಗ್ಲೆಂಡಿನಲ್ಲಿ ತರಕಾರಿ ಬೆಳೆಯೋಕೆ ಅಂತ ವರ್ಷದ ಬಾಡಿಗೆಗೆ ಕೊಡುವ ಜಾಗ. ಪೂರ್ತಿ ಪ್ಲಾಟ್ ಹಳೇ ಲೆಕ್ಕದಲ್ಲಿ 10 ರಾಡ್, ಸುಮಾರು 250 ಚದರ ಮೀಟರ್. ನಮ್ಮ ಕಡೆ ಲೆಕ್ಕದಲ್ಲಿ ಎರಡೂವರೆ ಗುಂಟೆ. ಎರಡು ವರ್ಷ ಸರದಿಯಲ್ಲಿ ಕಾದ ಮೇಲೆ ನನಗೆ ಸಿಕ್ಕಿದ್ದು ಅದರಲ್ಲಿ ಅರ್ಧ. ವಾರವೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತು ಶನಿವಾರ ಮಣ್ಣು ಮುಟ್ಟೋಣ ಅಂತ ಆಸೆ. ಮೊದಲನೇ ವರ್ಷ ಟೊಮೇಟೋ ಗಿಡ ಎದೆ ಮಟ್ಟಕ್ಕೆ ಬಂತು, ಎಲೆಯೋ ಎಲೆ. ಹಣ್ಣು ಮಾತ್ರ ಬೆರಳಲ್ಲಿ ಎಣಿಸುವಷ್ಟು. ಕೋಳಿ ಗೊಬ್ಬರದ ಉಂಡೆ ಸಿಕ್ಕಾಪಟ್ಟೆ ಹಾಕಿದ್ದೆ, ಸಾರಜನಕ ಜಾಸ್ತಿ ಆಗಿತ್ತು. ಹೂವು, ಹಣ್ಣು ಬಿಡುವ ಹೊತ್ತಿಗೆ ಗಿಡಕ್ಕೆ ಬೇಕಾದದ್ದು ಪೊಟ್ಯಾಷ್. ಇದನ್ನು ಹೇಳಿದವರು ಪಕ್ಕದ ಪ್ಲಾಟಿನ ತಾತ. ಹೇಳಿದ್ದಷ್ಟೇ ಅಲ್ಲ, ಹೊರಗೆ ಕಪ್ಪು ಒಳಗೆ ಬಿಳಿ ಇದ್ದ ಒಂದು ಬೇರಿನ ತುಂಡನ್ನೂ ಕೈಗೆ ಕೊಟ್ಟರು. ‘ಬಾಕಿಂಗ್ 14’ ಅಂದರು. ಸಾಫ್ಟ್‌ವೇರ್ ವರ್ಷನ್ ನಂಬರ್ ಥರ ಕೇಳಿಸಿತು.

ನಿಜಕ್ಕೂ ಹೆಚ್ಚು ಕಮ್ಮಿ ಅದೇ. 19ನೇ ಶತಮಾನದಲ್ಲಿ ಎಸ್ಸೆಕ್ಸ್‌ನ ಕಾಗ್‌ಶಲ್ ಅನ್ನೋ ಊರಲ್ಲಿ ಹೆನ್ರಿ ಡಬಲ್‌ಡೇ ಅಂತ ಒಬ್ಬರಿದ್ದರು. ಗೋಂದು ಮಾಡೋಕೆ ಹೊಸ ಕಚ್ಚಾವಸ್ತು ಹುಡುಕುತ್ತಿದ್ದ ಅವರು, ಈ ಗಿಡದ ಲೋಳೆ ಆಗಬಹುದು ಅಂತ 1870ರ ದಶಕದಲ್ಲಿ ರಷ್ಯಾದಿಂದ ಕಾಮ್‌ಫ್ರಿ ತರಿಸಿದರು. ಗೋಂದು ಆಗಲಿಲ್ಲ. ಆದರೆ ಗಿಡ ಬೆಳೆಯುವ ಸ್ಪೀಡ್ ನೋಡಿ ಬೆರಗಾಗಿ, ಉಳಿದ ಆಯಸ್ಸನ್ನೆಲ್ಲ ಅದಕ್ಕೇ ಕೊಟ್ಟರು. ಮುಂದೆ 1950ರ ದಶಕದಲ್ಲಿ ಲಾರೆನ್ಸ್ ಹಿಲ್ಸ್ ಅನ್ನೋರು ಅದೇ ಎಸ್ಸೆಕ್ಸ್‌ನ ಬಾಕಿಂಗ್‌ನಲ್ಲಿ ಬೇರೆ ಬೇರೆ ತಳಿಗಳನ್ನು ನಂಬರ್ ಹಾಕಿ ಬೆಳೆಸಿ ನೋಡಿದರು. ಅದರಲ್ಲಿ ಗೊಬ್ಬರಕ್ಕೆ ಗೆದ್ದದ್ದು 14ನೆಯದು. ಇದು ಬೀಜ ಕಟ್ಟೋದಿಲ್ಲ, ಹಾಗಾಗಿ ತೋಟವೆಲ್ಲ ಹರಡೋದಿಲ್ಲ.

ಹರಡೋದಿಲ್ಲ ಅನ್ನೋದಕ್ಕೆ ಒಂದು ಷರತ್ತಿದೆ, ಅದನ್ನು ನಾನು ತಲೆಗೆ ಹಾಕಿಕೊಳ್ಳಲಿಲ್ಲ. ಎರಡನೇ ವರ್ಷ ಜಾಗ ಬದಲಾಯಿಸೋಣ ಅಂತ ಗುದ್ದಲಿ ಹಾಕಿ ಬುಡ ಕೊಚ್ಚಿ, ಮಣ್ಣು ತಿರುವಿ ಹಾಕಿದೆ. ಮುಂದಿನ ತಿಂಗಳು ಒಂದಿದ್ದ ಗಿಡ ಹದಿನೇಳಾಗಿತ್ತು. ಎರಡಿಂಚು ಬೇರು ಉಳಿದರೂ ಸಾಕು, ಚಿಗುರುತ್ತೆ. ಡಿಲೀಟ್ ಒತ್ತಿದರೆ ಕಾಪಿ ಪೇಸ್ಟ್ ಆಗುವ ಇಂಥ ಬಗ್ ನಾನು ಆಫೀಸಿನಲ್ಲೂ ನೋಡಿಲ್ಲ. ಅದಕ್ಕೇ, ಹಾಕೋ ಮೊದಲು ಯೋಚಿಸಿ ಹಾಕಿ. ಮೂಲೆಯಲ್ಲಿ, ಎರಡು ಮೂರು ಅಡಿ ಅಂತರ ಬಿಟ್ಟು, ಇನ್ನು ಜನ್ಮದಲ್ಲಿ ಅಲ್ಲಿ ಅಗೆಯೋದಿಲ್ಲ ಅನ್ನುವ ಕಡೆ.

ಮೊದಲ ವರ್ಷ ಕೊಯ್ಯಬಾರದು, ಬೇರು ಇಳಿಯಲಿ. ಆಮೇಲೆ ಬೇಸಿಗೆಯಲ್ಲಿ ಮೂರು ನಾಲ್ಕು ಸಲ ನೆಲದಿಂದ ಎರಡಿಂಚು ಬಿಟ್ಟು ಕೊಯ್ಯಬಹುದು. ಸೆಪ್ಟೆಂಬರ್ ನಂತರ ಬಿಟ್ಟುಬಿಡಿ, ಚಳಿಗಾಲಕ್ಕೆ ಅದು ತಾನೇ ಮಲಗುತ್ತೆ. ಎಲೆ ಮೇಲೆ ಸಣ್ಣ ಮುಳ್ಳುಗೂದಲು, ಗ್ಲೌಸ್ ಇಲ್ಲದೆ ಮುಟ್ಟಿದರೆ ಸಂಜೆವರೆಗೂ ಕೆರೆತ. ನನ್ನ ವಿಧಾನ ಸೋಮಾರಿಯದ್ದು: ತಳದಲ್ಲಿ ತೂತಿರುವ ಬಕೆಟ್ಟಿಗೆ ಸೊಪ್ಪು ಒತ್ತಿ ತುಂಬಿ, ಮೇಲೆ ಇಟ್ಟಿಗೆ ಹೇರಿ, ಕೆಳಗೆ ಡಬ್ಬಿ ಇಟ್ಟು ಮುಚ್ಚಿಬಿಡೋದು. ನೀರು ಬೇಡ. ಎಲೆಯಲ್ಲಿ ನಾರು ಕಡಿಮೆ, ನಾಲ್ಕೈದು ವಾರದಲ್ಲಿ ಕರಗಿ ಡಿಕಾಕ್ಷನ್ ಥರ ಕಪ್ಪು ರಸ ಇಳಿಯುತ್ತೆ. ಒಂದು ಲೋಟಕ್ಕೆ ಹತ್ತರಿಂದ ಹದಿನೈದು ಲೋಟ ನೀರು ಬೆರೆಸಿ, ಕಾಯಿ ಕಚ್ಚಿದ ಮೇಲೆ ವಾರಕ್ಕೊಮ್ಮೆ ಟೊಮೇಟೋ, ಮೆಣಸಿನಕಾಯಿ ಬುಡಕ್ಕೆ. ನೀರಿನಲ್ಲಿ ನೆನೆಸಿಯೂ ಮಾಡ್ತಾರೆ, ಆದರೆ ಆ ನಾತ ನನ್ನ ಬಕೆಟ್ಟನ್ನೂ ಮೀರಿಸುತ್ತೆ. ಆಲೂಗಡ್ಡೆಗಾದರೆ ಸೊಪ್ಪನ್ನು ಒಂದು ದಿನ ಬಾಡಿಸಿ ಸಾಲಿಗೇ ಹಾಕಿ ಮುಚ್ಚಬಹುದು.

ಕಾಮ್‌ಫ್ರಿ ಮಂತ್ರದಂಡ ಅಂತ ಹೊಗಳೋರಿಗೆ ಒಂದು ಮಾತು. ಇದು ದ್ವಿದಳ ಜಾತಿ ಅಲ್ಲ, ಗಾಳಿಯಿಂದ ಸಾರಜನಕ ಹಿಡಿಯೋದಿಲ್ಲ. ಅದರ ಪೊಟ್ಯಾಷ್ ಕೂಡ ನಿಮ್ಮದೇ ಮಣ್ಣಿನದು. ಒಂದು ಅಕೌಂಟಿನಿಂದ ಇನ್ನೊಂದಕ್ಕೆ ಟ್ರಾನ್ಸ್‌ಫರ್ ಅಷ್ಟೇ. ಹಾಗಾಗಿ ವರ್ಷಕ್ಕೊಮ್ಮೆ ಅದರ ಬುಡಕ್ಕೂ ಕಾಂಪೋಸ್ಟ್ ಹಾಕಲೇಬೇಕು.

ಈಗ ಸೂಟ್‌ಕೇಸಿನ ವಿಷಯ. ಹಾಸನ ಜಿಲ್ಲೆಯ ನಮ್ಮೂರಲ್ಲಿರುವ ಅಮ್ಮನಿಗೆ ಮಂಡಿ ನೋವು. ಕಳೆದ ವರ್ಷ ಮೆಟ್ಟಿಲು ಹತ್ತೋದನ್ನೇ ಬಿಟ್ಟಿದ್ದಳು. ಕಾಮ್‌ಫ್ರಿಗೆ ಇಲ್ಲಿನ ಹಳೇ ಹೆಸರು ‘ಮೂಳೆ ಕೂಡಿಸುವ ಸೊಪ್ಪು’ ಅನ್ನೋ ಅರ್ಥದ್ದು. ತಮ್ಮ ಅಜ್ಜಿ ಇದರ ಟೀ ಕುಡೀತಿದ್ದರು ಅಂತ ಪಕ್ಕದ ತಾತ ಹೇಳಿದ್ದೇ ತಡ, ನಾನು ಒಂದು ಚೀಲ ಸೊಪ್ಪು ಒಣಗಿಸಿ, ಪುಡಿ ಮಾಡಿ, ಡಿಸೆಂಬರ್ ಟ್ರಿಪ್ಪಿನ ಸೂಟ್‌ಕೇಸಿಗೆ ಸೇರಿಸಿದ್ದೆ. ‘ಅಮ್ಮಾ, ನಿನಗೊಂದು ಔಷಧಿ ತರ್ತಿದ್ದೀನಿ’ ಅಂತ ಫೋನಲ್ಲಿ ಹೇಳಿಯೂ ಆಗಿತ್ತು.

ಹೊರಡೋ ಹಿಂದಿನ ವಾರ, ಎಷ್ಟು ಚಮಚ ಹಾಕಬೇಕು ಅಂತ ತಿಳಿಯೋಕೆ ಓದಿದೆ. ಕೈಕಾಲು ತಣ್ಣಗಾಯಿತು. ಇದರಲ್ಲಿ ಪೈರೋಲಿಜಿಡಿನ್ ಆಲ್ಕಲಾಯ್ಡ್‌ಗಳಿವೆ. ಹೊಟ್ಟೆಗೆ ಹೋದರೆ ಪಿತ್ತಜನಕಾಂಗದ ಸಣ್ಣ ರಕ್ತನಾಳಗಳನ್ನೇ ಕಟ್ಟಿಸಿ ಹಾಳು ಮಾಡಬಲ್ಲವು. ಹೊಟ್ಟೆಗೆ ತೆಗೆದುಕೊಳ್ಳುವ ಕಾಮ್‌ಫ್ರಿ ಪದಾರ್ಥಗಳನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಯಿರಿ ಅಂತ ಅಮೆರಿಕದ ಎಫ್‌ಡಿಎ 2001ರಲ್ಲೇ ಕಂಪನಿಗಳಿಗೆ ಹೇಳಿದೆ. ಅಮ್ಮ ಶುಗರ್, ಬಿಪಿ ಮಾತ್ರೆ ಬೇರೆ ನುಂಗೋಳು. ‘ನ್ಯಾಚುರಲ್ ತಾನೇ’ ಅಂತ ನಾನೇ ಕೈಯಾರೆ ಕುದಿಸಿ ಕೊಡುತ್ತಿದ್ದೆನಲ್ಲ! ಅಂದು ರಾತ್ರಿಯೇ ಪುಡಿ ಸೂಟ್‌ಕೇಸಿನಿಂದ ಹೊರಬಿತ್ತು. ಅಪ್ಪನ ತೋಟಕ್ಕೆ ಅಂತ ಪೇಪರಿನಲ್ಲಿ ಸುತ್ತಿಟ್ಟಿದ್ದ ಎರಡು ಬೇರಿನ ತುಂಡನ್ನೂ ತೆಗೆದೆ. ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಹೊರದೇಶದ ಗಿಡವನ್ನು ಭಾರತಕ್ಕೆ ತರುವಂತಿಲ್ಲ. ಅದೂ ನನಗೆ ಹೊಳೆದಿರಲಿಲ್ಲ.

ಊರಲ್ಲಿ ಅಪ್ಪನಿಗೆ ಈ ಬೇರಿನ ಕಥೆ ಹೇಳಿದರೆ ನಕ್ಕರು. ‘ನಮಗ್ಯಾಕಪ್ಪ ಅದು?’ ಅಂತ ತೆಂಗಿನ ತೋಟದ ಬದುವಿಗೆ ಕರೆದುಕೊಂಡು ಹೋದರು. ಸಾಲಾಗಿ ಗ್ಲಿರಿಸಿಡಿಯಾ, ಎಲ್ಲರ ಬಾಯಲ್ಲೂ ಗೊಬ್ಬರದ ಗಿಡ. ಅದೂ ಮಧ್ಯ ಅಮೆರಿಕದಿಂದ ಬಂದದ್ದೇ, ಆದರೆ ಮಳೆಗಾಲದ ಮೊದಲು ಕಡ್ಡಿ ನೆಟ್ಟರೆ ಸಾಕು, ಹಿಡಿದುಕೊಳ್ಳುತ್ತೆ. ದ್ವಿದಳ ಜಾತಿ, ಸಾರಜನಕ ಗಾಳಿಯಿಂದಲೇ. ಸವರಿ ತೆಂಗಿನ ಪಾತಿಗೆ ಹಾಕಿದರೆ ಕೆಲವೇ ವಾರದಲ್ಲಿ ಮಣ್ಣಾಗುತ್ತೆ. ತಾತನ ಕಾಲದಲ್ಲಿ ಗದ್ದೆಗೆ ಹೊಂಗೆ ಸೊಪ್ಪು ತುಳಿಯುತ್ತಿದ್ದರಂತೆ. ಪೊಟ್ಯಾಷ್‌ಗೆ ಒಲೆ ಬೂದಿ, ಕೊಚ್ಚಿದ ಬಾಳೆದಿಂಡು. ಬೆಂಗಳೂರಿನ ಟೆರೇಸಿನಲ್ಲಿ ಕುಂಡ ಇಟ್ಟಿರುವ ಗೆಳೆಯರು ಕಾಮ್‌ಫ್ರಿ ಎಲ್ಲಿ ಸಿಗುತ್ತೆ ಅಂತ ಕೇಳಿದಾಗೆಲ್ಲ ನಾನೀಗ ಇದನ್ನೇ ಹೇಳ್ತೀನಿ: ರಸ್ತೆ ಬದಿಯ ಹೊಂಗೆ ಎಲೆ ಗುಡಿಸಿ ತನ್ನಿ, ಬಾಳೆಹಣ್ಣಿನ ಸಿಪ್ಪೆ ಜೊತೆ ಕಾಂಪೋಸ್ಟ್ ಮಾಡಿ.

ಅಮ್ಮನನ್ನು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಕ್ಸ್‌ರೇ ಆಯ್ತು, ಸವೆತ ಅಂದರು, ಕೂತು ಮಾಡುವ ನಾಲ್ಕು ವ್ಯಾಯಾಮ ಹೇಳಿಕೊಟ್ಟರು. ದಿನಾ ಸಂಜೆ ವಿಡಿಯೋ ಕಾಲ್‌ನಲ್ಲಿ ನಾನೇ ಎಣಿಸಿ ಮಾಡಿಸ್ತೀನಿ. ಮೊನ್ನೆ ಮಧ್ಯದಲ್ಲಿ ನಿಲ್ಲಿಸಿ ಕೇಳಿದಳು, ‘ಅದೇನೋ ಪುಡಿ ಮಾಡಿದ್ದೆಯಲ್ಲ, ಏನು ಮಾಡ್ದೆ?’

‘ಟೊಮೇಟೋ ಗಿಡಕ್ಕೆ ಹಾಕ್ದೆ.’

‘ಹಾಗಾದ್ರೆ ಅದಕ್ಕೆ ಮಂಡಿ ನೋವು ಬರಲ್ಲ ಬಿಡು’ ಅಂದು ಇನ್ನೊಂದು ಕಾಲು ಎತ್ತಿದಳು.